ಹರಿಗೋಲಿನಲ್ಲಿಟ್ಟ ಒಂದು ಕಾಲು

ಮೊನ್ನೆ ಮನೆಗೆ ಸೊಗಡಿನ ಅವರೆಕಾಯಿ ಬಂತು. ಮೊಮ್ಮಗಳು ಅದನ್ನು ಮೊರಕ್ಕೆ ಸುರಿದಳೋ ಇಲ್ಲವೋ, ಆ ವಾಸನೆಯ ಜೊತೆಗೇ ನನ್ನ ಗಂಡನ ಮನೆಯ ಜಗಲಿ ಎದ್ದು ಬಂತು. ಹುಣಸೂರಿಗೆ ಗಾಡಿಯಲ್ಲಿ ಅರ್ಧ ದಿನದ ದಾರಿಯ ಊರು, ಮಹಾರಾಜರ ಕಾಲ. ಸಂಜೆಯಾದರೆ ಜಗಲಿಯಲ್ಲಿ ಊರ ಪಟೇಲರಾದ ನನ್ನ ಮಾವ, ಕಣ್ಣು ಕಾಣದ ಅವರ ತಾಯಿ, ಹೊಸ ಸೊಸೆ ನಾನು, ಮತ್ತೆ ಅವರೆ ಹಿತುಕಲು ಬರುತ್ತಿದ್ದ ಹಿಂದಿನ ಮನೆಯ ಅಕ್ಕ.

ಗಂಡ ಸತ್ತ ಮೇಲೆ ನಾಲ್ಕು ಮನೆಯ ಕೆಲಸದಲ್ಲಿ ಬದುಕಿದವಳು ಅಕ್ಕ. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಅಮುಕಿದರೆ ಸಿಪ್ಪೆ ಬಿಟ್ಟು ಬೇಳೆ ಜಾರುತ್ತದಲ್ಲ, ಅವಳ ಬಾಯಿಂದ ಕತೆ ಹಾಗೆ ಜಾರುತ್ತಿತ್ತು. ಒಂದೇ ಕಟ್ಟಳೆ: ಕೇಳುವವರಲ್ಲಿ ಒಬ್ಬರು ಮಾತುಮಾತಿಗೂ ಹೂಂ ಅನ್ನಬೇಕು. ಕೇಳುವುದೂ ಆಗ ಒಂದು ಕೆಲಸ. ನಿದ್ದೆಯ ಹೂಂ, ಸುಳ್ಳು ಹೂಂ, ಮನಸ್ಸು ಕೊಟ್ಟಿಗೆಯಲ್ಲಿಟ್ಟವರ ಹೂಂ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಆ ಕೆಲಸ ಅಜ್ಜಿಯದು, ಮಾವನ ತಾಯಿಯದು.

ಮಾವ ಯಾರ ಮಾತನ್ನೂ ಕೊನೆಮುಟ್ಟ ಕೇಳಿದವರಲ್ಲ. ತವರಿಗೆ ಹೋಗಿಬರುತ್ತೇನೆಂದು ನಾನು ಬಾಯಿ ತೆರೆದರೆ, ‘ತವರಿಗೆ’ ಅನ್ನುವಷ್ಟರಲ್ಲಿ ಅಂಗಳ ದಾಟಿರುತ್ತಿದ್ದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ...

ಆ ಚಳಿಗಾಲದ ಕತೆ, ತಮ್ಮನನ್ನು ಕೊಂದವನನ್ನು ಹುಡುಕಿ ಹೊರಟ ಒಬ್ಬ ಹೆಣ್ಣುಮಗಳದು. ಊರೂರು ಅಲೆದು ತುಂಬಿ ಹರಿಯುವ ಲಕ್ಷ್ಮಣತೀರ್ಥದ ದಡಕ್ಕೆ ಬರುತ್ತಾಳೆ. ಒಂದು ಕಾಲನ್ನು ಹರಿಗೋಲಿನಲ್ಲಿಟ್ಟು ತಲೆ ಎತ್ತುತ್ತಾಳೆ, ಅಂಬಿಗನ ಕೈಯಲ್ಲಿ ತಮ್ಮನ ಕಡಗ!

ಅಷ್ಟು ಹೊತ್ತಿಗೆ ಪಿರಿಯಾಪಟ್ಟಣದ ನೆಂಟರು ಬಂದರು. ಮೈಸೂರಿನಿಂದ ಹೊಸದಾಗಿ ತಂದಿದ್ದ ಗ್ರಾಮಫೋನನ್ನು ಅವರಿಗೆ ತೋರಿಸುವ ಆತುರ ಮಾವನಿಗೆ.

“ಸಾಕು ಬುಡಮ್ಮಿ ನಿನ್ನ ಕತೆ. ಅತ್ಲಾಗೆ ಏಳು, ಪೆಟ್ಗೆ ಇಡ್ಬೇಕು” ಅಂದರು.

ನೆಂಟರು ನಕ್ಕರು. ಅಕ್ಕ ಸೆರಗಿನ ಸಿಪ್ಪೆ ಕೊಡವಿ ಎದ್ದು ಹೋದಳು. ಪೆಟ್ಟಿಗೆ ಹಾಡಿತು. ಯಾರೂ ಹೂಂ ಅನ್ನದಿದ್ದರೂ ಹಾಡಿತು.

ಮಾರನೆಯ ದಿನದಿಂದ ಅಕ್ಕ ಬರಲಿಲ್ಲ. ಅಜ್ಜಿ ತಟ್ಟೆ ಸರಿಸಿದರು.

“ಆ ಎಣ್ಣು ಅಲ್ಲಿ ಒಂದು ಕಾಲು ನೀರ್ಮ್ಯಾಲೆ ಇಟ್ಕಂಡು ನಿಂತವ್ಳೆ. ನಂಗೆ ಮುದ್ದೆ ಎಂಗ್ಲಾ ಇಳಿದಾತು?”

ಮಾವ ಆಳನ್ನು ಕಳಿಸಿದರು, ಅಕ್ಕ ಬರಲಿಲ್ಲ. ಅಜ್ಜಿ ಹಾಸಿಗೆ ಹಿಡಿಯುವಂತಾದಾಗ ತಾವೇ ಹೋದರು. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲವಂತೆ.

“ಬತ್ತೀನಿ ಗೌಡ್ರೆ. ಆದ್ರೆ ಹೂಂ ಅನ್ನೋರು ನೀವೇ ಆಗ್ಬೇಕು. ಒಂದು ಹೂಂ ತಪ್ಪುದ್ರೂ ಕತೆ ಮೊದ್ಲಿಂದ.”

ಅಜ್ಜಿ ಗಂಜಿ ಮುಟ್ಟಿದ್ದು ಅಕ್ಕನ ದನಿ ಜಗಲಿಯಲ್ಲಿ ಕೇಳಿದ ಮೇಲೆಯೇ. ಇನ್ನು ಮಾವನ ಪಾಡು! ಪಟೇಲರು ಹೂಂಗುಟ್ಟುವುದನ್ನು ನೋಡಲು ಬೆಂಕಿ ಕೇಳುವ ನೆಪದಲ್ಲಿ ಅರ್ಧ ಕೇರಿಯೇ ಬರುತ್ತಿತ್ತು. ತೂಕಡಿಸಿದರೆ ಮೊದಲಿಂದ. ಅಮಲ್ದಾರರ ಜವಾನ ಬಂದನೆಂದು ಕತ್ತು ತಿರುಗಿಸಿದರೆ ಮೊದಲಿಂದ. ನಾನೂ ಸುಮ್ಮನಿರಲಿಲ್ಲ. ಅವರು ಚೆನ್ನಾಗಿ ಹೂಂ ಅನ್ನುತ್ತಿದ್ದ ಒಂದು ಸಂಜೆ ಕಂಚಿನ ಚೊಂಬನ್ನು ಪಕ್ಕದಲ್ಲಿ ಬೇಕೆಂದೇ ಕುಕ್ಕಿದೆ. ಬೆಚ್ಚಿ ನನ್ನ ಕಡೆ ನೋಡಿದರು. ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿ, ನಗು ನುಂಗಿಕೊಂಡು, “ಒಂದಾನೊಂದೂರಲ್ಲಿ...” ಅಂದಳು. ಅವತ್ತು ರಾತ್ರಿ ಬಂದಷ್ಟು ಸುಖದ ನಿದ್ದೆ ಆ ಮನೆಯಲ್ಲಿ ನನಗೆ ಮತ್ತೆ ಬರಲಿಲ್ಲ.

ಅವರೆ ಮುಗಿಯುವ ಹೊತ್ತಿಗೆ ಮಾವ ಪಳಗಿದ್ದರು. ಜವಾನ ಅಂಗಳದಲ್ಲಿ ನಿಂತೇ ಇದ್ದರೂ ತಿರುಗುತ್ತಿರಲಿಲ್ಲ. ಮತ್ತೆ ನದಿ ಬಂತು, ಹರಿಗೋಲು ಬಂತು, ಕಡಗ ಕಂಡಿತು. ಮಾವ ಮುಂದಕ್ಕೆ ಬಾಗಿ, ಹೊಟ್ಟೆಯೊಳಗಿಂದ ಹೂಂ ಅಂದು, “ಆಮ್ಯಾಕೆ?” ಎಂದರು.

ಅಕ್ಕ ಸೆರಗು ಕೊಡವಿದಳು. “ಸಾಕು ಬುಡಿ ಗೌಡ್ರೆ. ಅತ್ಲಾಗೆ ಏಳ್ತೀನಿ, ಪೆಟ್ಗೆ ಇಡಿ.”

ಹೋಗುವ ಮುಂಚೆ ಅಜ್ಜಿಯ ಕಿವಿಯಲ್ಲಿ ಬಾಯಿಟ್ಟು ಉಳಿದದ್ದನ್ನು ಹೇಳಿದಳು. ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಅವತ್ತು ಒಂದು ಮುದ್ದೆ ಪೂರ್ತಿ ಉಂಡರು. ಮಗ ಎಷ್ಟು ಗೋಗರೆದರೂ, “ನಿಂಗೆ ಏಳಿದ್ರೆ ನಂಗಿನ್ನೊಂದು ಕತೆ ಏಳಾಕಿಲ್ಲ ಅಂದವ್ಳೆ ಕಣ್ಲಾ, ನಾನ್ಯಾಕೆ ಕಳ್ಕಳ್ಳಿ” ಎಂದು ಗೋಡೆಯ ಕಡೆ ಹೊರಳಿದರು.

ಆ ಬೇಸಿಗೆಯಲ್ಲೇ ಅಜ್ಜಿ ಹೋದರು. ಮುಂದಿನ ಮಳೆಗಾಲದ ಜ್ವರದಲ್ಲಿ ಅಕ್ಕನೂ...

ಮೊಮ್ಮಗಳು ಕತೆ ಕೇಳುತ್ತಾಳೆ. ಹರಿಗೋಲಿನವರೆಗೆ ಹೇಳಿ ನಿಲ್ಲಿಸುತ್ತೇನೆ. ಮಾವನ ಮೇಲಿನ ಸೇಡಿನಲ್ಲಿ ನನ್ನ ಪಾಲಿನ ಕತೆಯೂ ಹೋಯಿತಲ್ಲ ಎಂದು, ಅಕ್ಕನನ್ನು ನೆನೆದು ಹೊಟ್ಟೆ ಉರಿಯುತ್ತದೆ, ಕಣ್ಣೂ ತುಂಬುತ್ತದೆ.

ಅಕ್ಕ ಹೋಗಿ ಎಷ್ಟೋ ವರ್ಷದ ಮೇಲೆ ಮಾವ ಹಾಸಿಗೆ ಹಿಡಿದಿದ್ದರು. ನಾನು ಪಕ್ಕದಲ್ಲಿ ಕೂತು ಅವರೆ ಹಿತುಕುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಹೂಂ ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೂಂ. ಆಮೇಲೆ, “ಮುಂದ್ಕೇನಾಯ್ತವ್ವಾ?” ಎಂದು ಕೇಳಿದರು. ಅವರು ನನ್ನನ್ನು ಏನನ್ನಾದರೂ ಕೇಳಿ, ಉತ್ತರಕ್ಕೆ ಕಾದದ್ದು ಅದೊಂದೇ ಸಲ. ನಾನೇ ಒಂದು ಕೊನೆ ಕಟ್ಟಿ ಹೇಳಬಹುದಿತ್ತು. ಬಾಯಿಗೂ ಬಂದಿತ್ತು.

ಕಾಳಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.