ಮಲಕಪ್ಪ ಕಾಕಾರ ಆಟದ ಡಬ್ಬಿ

ಮಲಕಪ್ಪ ಕಾಕಾರ ಎಡಗೈಯಲ್ಲಿ ತೋರುಬೆರಳು, ನಡುಬೆರಳು ಇಲ್ಲ. ಪಿಂಪ್ರಿಯ ಒಂದು ವರ್ಕ್‌ಶಾಪಿನ ಪ್ರೆಸ್ಸಿಗೆ ಸಿಕ್ಕಿ ಹೋದವು, ಅದೂ ಖಂಡೇನವಮಿಯ ದಿನ. ಆ ದಿನ ಹತಾರಗಳಿಗೆ ಪೂಜೆ ಮಾಡಿ, ಮರುದಿನ ದಸರೆಯವರೆಗೆ ಮುಟ್ಟದೆ ಇಡುವುದು ನಮ್ಮ ಕಡೆಯ ಪದ್ಧತಿ. ಇಂಡಿ ತಾಲೂಕಿನಿಂದ ಬಂದ ಕಾಕಾ ಬೆಳಿಗ್ಗೆಯೇ ಯಂತ್ರಕ್ಕೆ ವಿಭೂತಿ ಬಳಿದು ಹೂ ಏರಿಸಿದ್ದರು. ಮಧ್ಯಾಹ್ನ ಮಾಲಕ ಬಂದು, ಅರ್ಜೆಂಟ್ ಆರ್ಡರ್ ಇದೆ, ಹೂ ತೆಗೆದು ನೂರು ಪೀಸ್ ಹೊಡೆ, ಆಮೇಲೆ ಬೇಕಾದರೆ ಮತ್ತೆ ಏರಿಸು ಎಂದನಂತೆ. ಅರವತ್ತನೆಯ ಪೀಸಿಗೆ ಬೆರಳು ಹೋದವು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಆಮೇಲೆ ಮೂವತ್ತೈದು ವರ್ಷ ಅದೇ ಕೈಯಲ್ಲಿ ಲೇಥ್ ಓಡಿಸಿದರು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಪೀಸನ್ನು ಮೂಲೆಗೆ ಎಸೆಯುವ ಮನುಷ್ಯ. ಆದರೆ ಖಂಡೇನವಮಿಯ ದಿನ ಮಾತ್ರ ಮಿಕ್ಸರ್ ಕೂಡ ತಿರುಗಿಸಗೊಡುತ್ತಿರಲಿಲ್ಲ. ಹೆಂಡತಿ ಸಾವಂತ್ರವ್ವ ಬದುಕಿರುವವರೆಗೆ ಆ ದಿನದ ಚಟ್ನಿಯನ್ನೂ ಹಿಂದಿನ ದಿನವೇ ಅರೆದಿಡುತ್ತಿದ್ದರು. ಮಂದಿ ನಗುತ್ತಿದ್ದರು. ನಾನೂ ನಕ್ಕವಳೇ.

ನಾನು ನೀತಾ, ಚಿಂಚವಾಡದ ಈ ಹಳೆಯ ಕಾಲೊನಿಯಲ್ಲಿ ಅವರ ಎದುರು ಮನೆಯವಳು. ಧಾರವಾಡದಿಂದ ಬಂದು ಇಲ್ಲಿನ ಒಂದು ವಿಮೆ ಆಫೀಸಿನಲ್ಲಿ ಗುಮಾಸ್ತೆಯಾಗಿ ಇಪ್ಪತ್ತು ವರ್ಷವಾಯಿತು. ನನ್ನ ಬಾಯಿ ಸ್ವಲ್ಪ ಮುಂದು ಎಂದು ಕಾಲೊನಿಯಲ್ಲಿ ಎಲ್ಲರೂ ಬಲ್ಲರು. ಅದು ಸುಳ್ಳಲ್ಲ. ಆ ಬಾಯಿಯ ವಿಷಯ ಮುಂದೆ ಬರುತ್ತದೆ.

ಕಾಕಾರಿಗೆ ಒಬ್ಬನೇ ಮಗ, ಶಿವಪ್ರಕಾಶ. ಮೂರು ವರ್ಷದ ಹಿಂದೆ ಡ್ಯೂಟಿ ಮುಗಿಸಿ ಬರುವಾಗ ಅವನ ಬೈಕು ಟ್ರಕ್ಕಿನಡಿ ಹೋಯಿತು. ಸೊಸೆ ಸ್ನೇಹಲ್ ಸಾತಾರಾ ಕಡೆಯ ಮರಾಠಿ ಹುಡುಗಿ. ವರ್ಷ ಕಳೆದ ಮೇಲೆ ಮರುಮದುವೆಯಾಗಿ, ಮಗಳು ಪೂರ್ವಾಳನ್ನು ಕರೆದುಕೊಂಡು ನಾಸಿಕಕ್ಕೆ ಹೋದಳು. ಅವಳು ಕೆಟ್ಟವಳಲ್ಲ. ಹೊಸ ಮನೆಯವರಿಗೆ ಹಳೆಯ ನಂಟು ಬೇಡವಾಗಿತ್ತು, ಅವಳಿಗೆ ಸಂಸಾರ ಉಳಿಯಬೇಕಾಗಿತ್ತು. ಅವಳ ಫೋನ್ ನಂಬರ್ ಬದಲಾಯಿತು. ಹೊಸ ವಿಳಾಸವನ್ನು ಅವಳು ಕೊಡಲಿಲ್ಲ, ಕಾಕಾ ಕೇಳಲಿಲ್ಲ. ಕೇಳಬೇಕಿತ್ತು. ಕೆಲವರ ಮರ್ಯಾದೆ ಅವರನ್ನೇ ತಿನ್ನುತ್ತದೆ.

ಹೊರಡುವ ದಿನ ಸ್ನೇಹಲ್ ಒಳಗೆ ಬಟ್ಟೆ ಕಟ್ಟುತ್ತಿದ್ದಾಗ, ಹತ್ತು ವರ್ಷದ ಪೂರ್ವಾ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಏನೋ ಬರೆದು ಅಜ್ಜನ ಕಿಸೆಗೆ ತುರುಕಿದಳು. ಕಾಕಾರಿಗೆ ಇಂಗ್ಲಿಷ್ ಅಕ್ಷರ ಬಾರದು. ನನ್ನ ಬಳಿ ತಂದರು. ಆಟದಲ್ಲಿ ಅವಳು ಇಟ್ಟುಕೊಂಡ ಹೆಸರು, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ: "ಅಜ್ಜಾ, ಅಪ್ಪಾನ ಡಬ್ಬಿ ಚಾಲೂ ಮಾಡಿ ಆಟದಾಗ ಬಾ. ಅಲ್ಲೆ ಯಾರೂ ಬ್ಯಾಡ ಅನ್ನಂಗಿಲ್ಲ."

ಅಪ್ಪನ ಡಬ್ಬಿ ಎಂದರೆ ಶಿವಪ್ರಕಾಶ ಬೋನಸ್ಸಿನಲ್ಲಿ ತಂದ ಗೇಮ್ ಕನ್ಸೋಲು. ಟಿವಿಗೆ ಹಚ್ಚಿ ಅಪ್ಪ, ಮಗಳು ಕೂಡಿ ಆಡುತ್ತಿದ್ದರು. ನಾಸಿಕದ ಮನೆಯಲ್ಲಿ ಅವಳಿಗೆ ಹೊಸದೊಂದು ಬಂದಿತ್ತು. ಹಳೆಯದು ಇಲ್ಲಿ ಟಿವಿಯ ಹಿಂದೆ ಧೂಳು ತಿನ್ನುತ್ತ ಬಿದ್ದಿತ್ತು.

ಅದಕ್ಕೆ ಇಂಟರ್ನೆಟ್ ಹಚ್ಚುವ ಕೆಲಸ ನನ್ನ ತಲೆಗೆ ಬಂತು. ಕಾಕಾ ಕಾಲೊನಿಯ ಕೇಬಲ್‌ನವರಿಂದಲೇ ಲೈನ್ ತೆಗೆದುಕೊಂಡರು. ಕನ್ಸೋಲು ವೈಫೈ ಹಿಡಿದಿದ್ದೇ ತಡ, ವರ್ಷದ ಅಪ್‌ಡೇಟನ್ನೆಲ್ಲ ಒಮ್ಮೆಲೆ ಕೇಳಿತು. ಒಂದು ದಿನ ಅದರಲ್ಲೇ ಹೋಯಿತು. ಒಳಗೆ ಶಿವಪ್ರಕಾಶನ ಖಾತೆಯೇ ತೆರೆದಿತ್ತು. ಅವನ ಹೆಸರಲ್ಲೇ ಆಟಕ್ಕೆ ಹೋಗಿ, ಪೂರ್ವಾಳ ಹೆಸರು ಹುಡುಕಿದೆ. ಅವಳ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿತು. ಅವಳ ಪರದೆಯ ಮೇಲೂ ಆಗ ಬಂದಿರಬೇಕು, ಶಿವಪ್ರಕಾಶ ಬಂದಿದ್ದಾನೆ ಎಂದು. ಅದು ಸತ್ತವನ ಹೆಸರು ಎಂದು ಆಗ ಹೊಳೆಯಿತು. ಹೆಸರು ಬದಲಿಸಲೇ ಎಂದು ಬರೆದು ಕೇಳಿದೆ. "ಬ್ಯಾಡ" ಎಂದು ಬರೆದಳು.

ಆಟವೆಂದರೆ ದ್ವೀಪದ ಮೇಲೆ ಇಟ್ಟಿಗೆಯಂಥ ತುಂಡುಗಳಿಂದ ಬೇಕಾದ್ದು ಕಟ್ಟುವುದು. ಕಾಕಾ ಉಳಿದ ಬೆರಳುಗಳಿಂದ ರಿಮೋಟು ಹಿಡಿಯುವುದನ್ನು ಒಂದು ವಾರದಲ್ಲಿ ಕಲಿತರು. ಆದರೆ ಅವಳ ದನಿ ಮಾತ್ರ ಬರಲೊಲ್ಲದು. ಅವಳ ಗೊಂಬೆ ಕಾಣುತ್ತದೆ, ಕುಣಿಯುತ್ತದೆ, ಕಾಕಾ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಸದ್ದಿಲ್ಲ. ಅವಳು ಬರೆದದ್ದನ್ನು ಓದಲು ನಾನು ಬೇಕು. ನನಗೆ ಆಫೀಸು. ಎದುರಿಗೇ ಮೊಮ್ಮಗಳಿದ್ದು ಮೂಕನಂತೆ ಕೂರಬೇಕಾದ ಸಂಕಟ ಅವರ ಮುಖದ ಮೇಲೆ ಕಾಣುತ್ತಿತ್ತು.

ಕೇಬಲ್‌ನ ಭುಜಂಗ ಸಿಂದಗಿ ಕಡೆಯವನು. ಬಂದು ನೋಡಿ ತಲೆ ಕೆರೆದುಕೊಂಡ.

"ಕಾಕಾರ, ಈ ಬಿಲ್ಡಿಂಗಿನ ನಲವತ್ತ ಮನಿಗೂ ಕೂಡಿ ಹೊರಗ ಇಂಟರ್ನೆಟ್ಟಿನ್ಯಾಗ ಒಂದ ವಿಳಾಸ ಅದರಿ. ನೀವು ಹೊರಗ ಹೋಗ್ಬಹುದು. ಹೊರಗಿನಿಂದ ಬಂದದ್ದಕ್ಕ ಯಾವ ಮನಿ ಅಂತ ತಿಳಿಯಂಗಿಲ್ಲ. ಆಟಾ ನಡೀತದ, ಮಾತು ಬಾಗಲದಾಗ ನಿಂತು ವಾಪಸ್ ಹೋಗ್ತದ."

"ಹಂಗಾರ ನನಗ ನಂದ ಒಂದು ವಿಳಾಸ ಬೇಕಲ್ಲಪಾ?"

"ಸಿಗತದ್ರಿ, ಆಫೀಸಿಗೆ ಅರ್ಜಿ ಕೊಡಬೇಕು. ಇಲ್ಲಿತನಕಾ ನಮ್ಮ ಕಾಲೊನ್ಯಾಗ ಯಾರೂ ಕೇಳಿಲ್ಲ."

"ಕೊಡೂಣು, ಬರಿ."

ಹದಿನೈದು ದಿನ ಕಾದ ಮೇಲೆ ವಿಳಾಸ ಬಂತು. ಭುಜಂಗ ವೈಫೈ ಬಿಡಿಸಿ ಗೋಡೆಗುಂಟ ತಂತಿ ಎಳೆದು ನೇರ ಡಬ್ಬಿಗೆ ಚುಚ್ಚಿದ, ರೌಟರಿನೊಳಗೆ ಏನೇನೋ ತೆರೆದ. ಆ ಶನಿವಾರ ಸಂಜೆ ನಾನು ಅಲ್ಲೇ ಇದ್ದೆ. ಹೆಡ್‌ಫೋನಿನಿಂದ ಹೊರಗೂ ಕೇಳುವಷ್ಟು ಜೋರಾಗಿ ಬಂತು ದನಿ: "ಅಜ್ಜಾ! ಕೇಳಸ್ತದೇನು? ಅಜ್ಜಾ!"

ಕಾಕಾ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು. "ಊಟಾ ಆತೇನವ್ವಾ?" ಎಂದರು. ಸಂಜೆ ನಾಲ್ಕೂವರೆಗೆ ಯಾವ ಊಟ! ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಅಲ್ಲಿಂದ ಏಳು ತಿಂಗಳು ನಡೆಯಿತು. ಮಂಗಳವಾರ, ಶನಿವಾರ ನಾಲ್ಕೂವರೆಯಿಂದ ಐದೂವರೆ. ಉಳಿದ ದಿನ ಅವಳಿಗೆ ಟ್ಯೂಷನ್ನು, ಆರಕ್ಕೆ ತಾಯಿ ಬರುತ್ತಾಳೆ. ಇಬ್ಬರೂ ಸೇರಿ ಅವಳ ದ್ವೀಪದ ಮೇಲೆ ಜೇಜುರಿಯ ದೇವಸ್ಥಾನದ ಗುಡ್ಡ ಕಟ್ಟತೊಡಗಿದರು. ಶಿವಪ್ರಕಾಶ ಇದ್ದಾಗ ಎಲ್ಲರೂ ಅಲ್ಲಿಗೆ ಹೋಗಿ ಅರಿಶಿನದ ಭಂಡಾರ ಎರಚಿ ಬಂದಿದ್ದರು. ತುದಿಯವರೆಗೆ ಮೆಟ್ಟಿಲು ಮುಗಿದ ಮೇಲೆ ಹಳದಿ ಸುರಿಯುವುದೆಂದು ಅವಳ ಕರಾರು. ಗುಡ್ಡ ಅವಳ ದ್ವೀಪದಲ್ಲಿ ಇದ್ದುದರಿಂದ ಅವಳು ಬಂದಾಗ ಮಾತ್ರ ಇವರಿಗೆ ಒಳಗೆ ಹೋಗಲು ಆಗುತ್ತಿತ್ತು.

ಒಮ್ಮೆ ಅವಳು ಫೋನ್ ನಂಬರ್ ಕೇಳಿದಳು. ಕಾಕಾ ಕೊಡಲಿಲ್ಲ. "ನೀ ವಹಿಯಾಗ ಬರಕೊಂಡದ್ದು ನಿಮ್ಮವ್ವ ನೋಡಿದ್ಲಂದ್ರ ಇದೂ ಬಂದ್ ಆಗ್ತದವ್ವಾ. ಇದ್ದದ್ದು ಇರಲಿ" ಎಂದರು. ಅಳತೆಯ ಮನುಷ್ಯ, ಅಳೆದು ತೂಗಿ ಮಾತಾಡುವವರು. ತಾಯಿಗೆ ತಿಳಿಯದಂತೆ ಮಗುವನ್ನು ಮಾತಾಡಿಸುವುದು ಸರಿಯೇ ಎಂದು ಅವರೂ ಕೊರಗುತ್ತಿದ್ದರು. ನಾನು ಆ ಮಾತು ಎತ್ತಲಿಲ್ಲ. ನನಗೆ ಅವರ ಮುಖದ ಮೇಲಿನ ಕಳೆ ಮುಖ್ಯವಾಗಿತ್ತು.

ನವರಾತ್ರಿಯ ಶನಿವಾರ ಅವರಿಬ್ಬರಿಗೂ ಸಣ್ಣ ಜಗಳವಾಯಿತು. ಪೂರ್ವಾ ಗಡಿಬಿಡಿಯಲ್ಲಿ ಕಟ್ಟಿದ ಮೆಟ್ಟಿಲು ಸೊಟ್ಟಗಾಗಿದ್ದವು. "ಇದೇನು ಮಾಡೀದಿ? ಸೊಟ್ಟ ಕೆಲಸಾ ಮಾಡೋದಕಿಂತ ಮಾಡದ ಇರೋದು ಛಲೋ" ಎಂದು ಕಾಕಾ ವರ್ಕ್‌ಶಾಪಿನ ದನಿಯಲ್ಲಿ ಗದರಿದರು. ಮಂಗಳವಾರ ಅವಳು ಬರಲಿಲ್ಲ. ಮುನಿಸಿಕೊಂಡಾಳ, ಶನಿವಾರ ರಮಿಸೂಣು ಎಂದು ಕಾಕಾ ನಕ್ಕರು.

ಬುಧವಾರ ಖಂಡೇನವಮಿ. ನನಗೂ ರಜೆ, ಬೆಳಿಗ್ಗೆ ಅವರ ಮನೆಗೆ ಹೋದೆ. ಮಣೆಯ ಮೇಲೆ ಅರ, ಸುತ್ತಿಗೆ, ಕರ್ಚೀಫಿನಲ್ಲಿ ಸುತ್ತಿಡುವ ಅಳತೆಯ ಮೈಕ್ರೋಮೀಟರು. ಅವುಗಳ ನಡುವೆ, ತಂತಿ ಕಿತ್ತು ತೊಳೆದಷ್ಟು ಚೊಕ್ಕವಾಗಿ ಒರೆಸಿದ ಕನ್ಸೋಲು ಮತ್ತು ರೌಟರು. ಎರಡಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ. ಊದಿನಕಡ್ಡಿ ಹಚ್ಚಿದ ಕಾಕಾ ಕಡ್ಡಿ ಹಿಡಿದುಕೊಂಡೇ ನಿಂತರು.

"ನೀತವ್ವಾ, ಇವತ್ತ ಶಾಳಾಕ ಸೂಟಿ ಅದ. ಆಕಿ ದಿನಾ ಅಲ್ಲ ಖರೆ, ಆದರ ಬಂದ್ಲಂದ್ರ?"

ಅವರ ಮನಸ್ಸು ತೂಗುತ್ತಿತ್ತು, ನನಗೆ ಕಾಣುತ್ತಿತ್ತು. ಹಚ್ಚಿ ಇಡ್ರಿ ಎಂದು ನಾನು ಒಂದು ಮಾತು ಅಂದಿದ್ದರೆ ಸಾಕಿತ್ತೇನೋ. ನನಗೆ ಮನೆಯಲ್ಲಿ ಹೋಳಿಗೆಯ ಹೂರಣ ಕಾಯುತ್ತಿತ್ತು.

"ಒಂದ ದಿನಾ ಬಿಟ್ರ ಆಕಾಶ ಕಳಚಿ ಬೀಳತದೇನ್ರಿ ಕಾಕಾ? ಪೂಜಾ ಮಾಡ್ರಿ" ಎಂದೆ.

"ಹೌದು ತಗೊ. ಬೆರಳು ಹೋದದ್ದು ಸಾಕು" ಎಂದು ಅವರು ಮಂಗಳಾರತಿ ಎತ್ತಿದರು. ಆ ಪೂಜೆ ಅವರು ಮಾಡಿದ್ದು ಯಂತ್ರಕ್ಕಲ್ಲ, ಮೊಮ್ಮಗಳ ದನಿಗೆ. ಅದು ಕೆಡಬಾರದು, ಕಡಿಯಬಾರದು ಎಂದೇ ಮುಟ್ಟದೆ ಇಟ್ಟರು.

ಮರುದಿನ ಬನ್ನಿ ಕೊಡಲು ಹೋದೆ. ಬಂಗಾರ ತಗೊಂಡು ಬಂಗಾರದಂಗ ಇರೂಣು ಎಂದು ಎಲೆ ಕೈಗಿಟ್ಟು ಕಾಲು ಮುಟ್ಟಿದೆ. ಕಾಕಾ ಮಾಲೆ ತೆಗೆದು, ತಂತಿ ಚುಚ್ಚಿ, ಡಬ್ಬಿ ಚಾಲೂ ಮಾಡಿದರು. ಪರದೆಯ ಮೂಲೆಯಲ್ಲಿ ಸಂದೇಶದ ಗುರುತು, ಪಕ್ಕದಲ್ಲಿ ಏಳು ಎಂಬ ಅಂಕಿ.

"ಏಳ ಬರದಾಳ! ಓದವ್ವಾ" ಎಂದು ಹಿಗ್ಗಿ ಕುರ್ಚಿ ಎಳೆದುಕೊಂಡರು. ಎಲ್ಲವೂ ನಿನ್ನೆಯವು. ಗಟ್ಟಿಯಾಗಿ ಓದತೊಡಗಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ನಿಲ್ಲಿಸಬೇಕೆನಿಸಿತು, ಅವರು ಬಿಡಲಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ: "ಅಜ್ಜಾ ಇದ್ದೀಯೇನು? ಇವತ್ತ ದಿನಾ ಪೂರ್ತಿ ನಾ ಇಲ್ಲೇ ಇರ್ತೀನಿ."

ಹತ್ತೂವರೆಗೆ: "ನಾಳೆ ನಾವು ಮಸ್ಕತ್‌ಗೆ ಹೊಂಟೀವಿ. ಅಲ್ಲೇ ಇರೋದಂತ. ನನಗ ಮೊನ್ನೆ ಹೇಳಿದ್ರು. ನಿನ್ನೆ ಬಟ್ಟಿ ತರಾಕ ಕರಕೊಂಡ ಹೋಗಿದ್ರು."

ಹನ್ನೆರಡಕ್ಕೆ: "ಟಿವಿ, ಡಬ್ಬಿ ಎಲ್ಲಾ ಬ್ಯಾರೇದವರಿಗೆ ಕೊಟ್ಟಾರ. ಸಂಜಿಗೆ ಬಂದು ಒಯ್ತಾರ."

ಒಂದೂವರೆಗೆ: "ನಿನ್ನ ನಂಬರ್ ಕಳಸು. ಬರಕೊಳ್ಳಂಗಿಲ್ಲ. ಬಾಯಿಪಾಠ ಮಾಡ್ತೀನಿ."

ನಾಲ್ಕೂವರೆಗೆ: "ನಮ್ಮ ಟೈಮ್ ಆತು. ಬಾ."

ಐದಕ್ಕೆ: "ಮೆಟ್ಟಲಾ ಸೊಟ್ಟ ಆದದ್ದಕ್ಕ ಸಿಟ್ಟಾಗಿಯೇನು? ನಾ ಎಲ್ಲಾ ಕಿತ್ತು ಮತ್ತ ನೆಟ್ಟಗ ಮಾಡೀನಿ. ಬಂದು ನೋಡು."

ಐದೂ ಇಪ್ಪತ್ತಕ್ಕೆ: "ಅವರು ಬಂದ್ರು."

ಕಾಕಾ ಕುರ್ಚಿಯಿಂದ ಎದ್ದು, "ನನ್ನ ನಂಬರ ಕಳಸು" ಎಂದರು. ಕಳಿಸಿದೆ. ನನ್ನದನ್ನೂ ಕಳಿಸಿದೆ. "ಸಿಟ್ಟಿಲ್ಲಂತ ಬರಿ" ಎಂದರು. ಬರೆದೆ. "ಇನ್ನೊಮ್ಮೆ ಬರಿ" ಎಂದರು. ಪೂರ್ವಾಳ ಹೆಸರಿನ ಪಕ್ಕದ ಚುಕ್ಕೆ ಬೂದಿಯ ಬಣ್ಣದ್ದಾಗಿತ್ತು. ಆ ಹೊತ್ತಿಗೆ ಅವಳು ವಿಮಾನದಲ್ಲಿದ್ದಿರಬೇಕು.

ಸಾತಾರಾದಲ್ಲಿನ ಸ್ನೇಹಲ್‌ಳ ಅಣ್ಣನಿಗೆ ನಾನೇ ಫೋನು ಮಾಡಿದೆ. "ಆತಾ ವಿಸರಾ" ಎಂದ, ಇನ್ನು ಮರೆತುಬಿಡಿ ಎಂದು. ಬೈದೆ. ಬೈದು ಏನು ಬಂತು? ವಾರದ ಮೇಲೆ ಭುಜಂಗ ಬಂದವನು, ಆ ಸಂದೇಶಗಳನ್ನು ಮೊಬೈಲಿನಲ್ಲೂ ನೋಡಬಹುದಿತ್ತು, ಅದಕ್ಕೊಂದು ಆ್ಯಪ್ ಇದೆ, ಡಬ್ಬಿ ಬಂದ್ ಇದ್ದರೂ ನಡೆಯುತ್ತದೆ ಎಂದ. ಏಳು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಹುಡುಗಿಗೆ ಪಾಸ್‌ವರ್ಡ್ ನೆನಪಿದ್ದರೆ ಯಾವ ದೇಶದಿಂದಲಾದರೂ, ಯಾವ ಡಬ್ಬಿಯಿಂದಲಾದರೂ ಒಳಗೆ ಬರಬಹುದು ಎಂದೂ ಹೇಳಿದ. ಆ ಒಂದು ಮಾತನ್ನು ಕಾಕಾ ಹಿಡಿದುಕೊಂಡರು.

ಅವತ್ತಿನಿಂದ ಅವರು ಊರಿಗೆ ಹೋಗಿಲ್ಲ, ಮದುವೆ ಮುಂಜಿಗೆ ಹೋಗಿಲ್ಲ. ಕರೆಂಟು ಹೋದರೆ ಇರಲೆಂದು ಬ್ಯಾಟರಿ ತಂದು ಹಚ್ಚಿದ್ದಾರೆ. ಮೈ ಇಳಿದಿದೆ. ತಿಂಗಳಿಗೊಮ್ಮೆ, "ನಾ ಬ್ಯಾರೆ ಏನರ ಅನಬೇಕಿತ್ತು ಕಾಕಾ" ಎಂದು ನಾನು ಶುರು ಮಾಡಿದರೆ, "ಪೂಜಾ ಮಾಡಿದಂವ ನಾ ಅಲ್ಲೇನು" ಎಂದು ಬಾಯಿ ಮುಚ್ಚಿಸುತ್ತಾರೆ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈ ವರ್ಷದ ಖಂಡೇನವಮಿಗೆ ಹೋಳಿಗೆ ತೆಗೆದುಕೊಂಡು ಹೋದೆ. ಮಣೆಯ ಮೇಲೆ ಅರ, ಸುತ್ತಿಗೆ, ಮೈಕ್ರೋಮೀಟರು, ಎಲ್ಲಕ್ಕೂ ವಿಭೂತಿ, ಹೂ. ನಡುವೆ ಎರಡು ಸಾಮಾನಿನಷ್ಟು ಜಾಗ ಖಾಲಿ. ಕನ್ಸೋಲು ಟಿವಿಯ ಕೆಳಗೆ ಗುಂಯ್ ಎನ್ನುತ್ತಿತ್ತು, ಕುಂಕುಮದ ಒಂದು ಬೊಟ್ಟೂ ಇಲ್ಲ. ಕಾಕಾ ಹೆಡ್‌ಫೋನು ಹಾಕಿಕೊಂಡು ಕುಳಿತಿದ್ದರು. ತಮ್ಮದೇ ದ್ವೀಪದಲ್ಲಿ ಜೇಜುರಿಯ ಗುಡ್ಡವನ್ನು ಮೊದಲಿನಿಂದ ಕಟ್ಟುತ್ತಿದ್ದರು, ತುದಿಯವರೆಗೂ ಬಂದಿತ್ತು.

ಮೆಟ್ಟಿಲು ನೋಡಿದೆ. ಎಲ್ಲಿಯೂ ಅಳತೆ ತಪ್ಪದ ಮನುಷ್ಯ ಅಲ್ಲಲ್ಲಿ ಒಂದೊಂದು ತುಂಡನ್ನು ಸೊಟ್ಟಗೆ ಇಟ್ಟಿದ್ದರು, ಅವತ್ತು ಪೂರ್ವಾ ಇಟ್ಟ ಹಾಗೆಯೇ.

"ಇವು ಹಿಂಗ ಇರಲಿ" ಎಂದರು, ನಾನು ಕೇಳದಿದ್ದರೂ.

ಹೋಳಿಗೆ ಮುಚ್ಚಿಟ್ಟು ಪಕ್ಕದಲ್ಲಿ ಕುಳಿತೆ. ನಾಲ್ಕೂವರೆಗೆ ಇನ್ನೂ ಹತ್ತು ನಿಮಿಷವಿತ್ತು.