ಮೇಷ್ಟ್ರ ಎದುರಿನ ಕುರ್ಚಿ

ನಮ್ಮ ಮೇಷ್ಟ್ರ ನೀಲಿ ಟೈನ ಗಂಟು ಬೆವರು ಕುಡಿದು ಕಪ್ಪಾಗಿತ್ತು. ಹುಣಸೂರಿನಿಂದ ಕೆ.ಆರ್. ನಗರಕ್ಕೆ ಕಿಕ್ಕಿರಿದ ಬಸ್ಸಿನಲ್ಲಿ ಬಂದರೂ ಅದನ್ನು ಸಡಿಲಿಸಿದವರಲ್ಲ. ವಾರವಿಡೀ ನಮ್ಮ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ. ಶನಿವಾರ ಬಂತೆಂದರೆ ಮೈಸೂರಿನ ಫ್ಯಾಕ್ಟರಿಗಳಿಗೆ ಜನರನ್ನು ಆರಿಸಿಕೊಡುವ ಕೆಲಸ.

ನಮ್ಮನ್ನು ಕಂಡರೆ ಅವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಸಂದರ್ಶನದ ಅಭ್ಯಾಸಕ್ಕೆಂದು ಕರೆದರೆ ಬಾಗಿಲಾಚೆ ಚಪ್ಪಲಿ ಬಿಟ್ಟು, ಒಳಗೆ ಕೈಕಟ್ಟಿ ನಿಲ್ಲುತ್ತಿದ್ದೆವು. ಗುರುಗಳ ಎದುರು ಕುರ್ಚಿಯಲ್ಲಿ ಕೂರುವುದುಂಟೇ? "ಇದೇನು ದೇವಸ್ಥಾನಾನಾ? ಚಪ್ಪಲಿ ಹಾಕ್ಕೊಂಡು ಬನ್ನಿ, ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ" ಎಂದು ಗದರುವರು. ಚಪ್ಪಲಿಯದ್ದು ಕಲಿತೆವು. ಬೇರೆಯವರ ಮುಂದೆ ಕೂರುವುದನ್ನೂ ಕಲಿತೆವು. ಅವರ ಮುಂದೆ ಮಾತ್ರ ಆಗಲೇ ಇಲ್ಲ.

ಡಿಗ್ರಿ ಮುಗಿದ ವರ್ಷ ಮೈಸೂರಿನಲ್ಲಿ ನನಗೊಂದು ಸಂದರ್ಶನ. ಕೆಲಸ ಸಿಕ್ಕದಿದ್ದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದರು. ಗಂಡಿನ ಕಡೆಯವರು ನಮ್ಮೂರು ಮಿರ್ಲೆಗೆ ಬಂದು ನೋಡಿಕೊಂಡೂ ಹೋಗಿದ್ದರು. ಒಳಗೆ ಹೋದರೆ ಮೂವರ ನಡುವೆ ನಮ್ಮ ಮೇಷ್ಟ್ರು! ಕೂರಿ ಎಂದರು. ನಿಂತೇ ಇದ್ದೆ. ಮತ್ತೆ ಹೇಳಿದರು. "ಪರವಾಗಿಲ್ಲ ಬುಡಿ ಸಾರ್" ಅಂದೆ. ಅಯ್ಯೋ, ನನ್ನ ಕರ್ಮ! ಕೇಳಿದ್ದಕ್ಕೆಲ್ಲ ನಿಂತೇ ಸರಿಯಾಗಿ ಉತ್ತರ ಕೊಟ್ಟೆ. ಧೈರ್ಯ ಸಾಲದು ಎಂದು ಕೈಬಿಟ್ಟರು.

ನಮ್ಮ ಕಡೆ ಹುಡುಗರು ಹೀಗೇ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಕಾಲೇಜಿಗೇ ಹೋಗಿ ಜಗಳವಾಡಿದೆ, ಅದೂ ನಿಂತುಕೊಂಡೇ. "ಅಲ್ಲಿ ನಾನು ನಿನ್ನ ಮೇಷ್ಟ್ರಲ್ಲ ಕಣಮ್ಮ. ಒಂದು ಕುರ್ಚೀಲಿ ಕೂರೋಕೆ ಇನ್ನೆಷ್ಟು ಬೇಡ್ಕೊಳ್ಳಲಿ?" ಎಂದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ಆ ಭಾನುವಾರವೇ ನಮ್ಮ ಮನೆಗೆ ಬಂದು, ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ ಎಂದು ಅಪ್ಪನನ್ನು ಕೇಳಿಕೊಂಡರು. ಅಪ್ಪ ಅವರಿಗೆ ಕುರ್ಚಿ ಹಾಕಿ ತಾವು ಕಂಬಕ್ಕೊರಗಿ ನಿಂತಿದ್ದರು. ನೀವೂ ಕೂತ್ಕೊಳ್ಳಿ ಎಂದು ಮೇಷ್ಟ್ರು ಹೇಳಿ ಹೇಳಿ ಸೋತರು. ಅಪ್ಪ ನಿಂತೇ ಒಪ್ಪಿದರು. ಆ ವರ್ಷದೊಳಗೆ ಬೇರೆ ಕಡೆ ಕೆಲಸ ಸಿಕ್ಕಿತು. ಅಲ್ಲಿ ಎದುರಿಗಿದ್ದವರೆಲ್ಲ ಅಪರಿಚಿತರು, ಧೈರ್ಯವಾಗಿ ಕೂತೆ.

ಮೇಷ್ಟ್ರು ತೀರಿಕೊಂಡ ದಿನ ಹುಣಸೂರಿಗೆ ಹೋದೆ. ಮನೆ ಮುಂದೆ ಶಾಮಿಯಾನ, ಸಾಲು ಕುರ್ಚಿ. ಅವರ ಹೆಂಡತಿ ನನ್ನನ್ನು ನೋಡಿ, "ನೀನೂ ಅವರ ಸ್ಟೂಡೆಂಟಾ ತಾಯಿ? ಬೆಳಿಗ್ಗೆಯಿಂದ ಹೇಳ್ತಾ ಇದ್ದೀನಿ, ಒಬ್ಬರೂ ಕೂರ್ತಾ ಇಲ್ವಲ್ಲ" ಎಂದರು.

ತಿರುಗಿ ನೋಡಿದೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಬಂದಿದ್ದ ಅವರ ಹುಡುಗರು, ಬ್ಯಾಂಕಿನವರು, ಫ್ಯಾಕ್ಟರಿಯವರು, ಖಾಲಿ ಕುರ್ಚಿಗಳ ಪಕ್ಕ ಕೈಕಟ್ಟಿ ನಿಂತಿದ್ದರು. ನಾನೂ ಹೋಗಿ ನಿಂತೆ.