ಕಾಫಿ ಕಣದ ಮೇಲೆ ಎರಡು ಗೆರೆ

ಹನ್ನೆರಡು ವರ್ಷದ ಹಿಂದಿನ ಮಾತು. ಆ ಸಲದ ಅರೇಬಿಕಾ ಕುಯ್ಲು ಶುರುವಾಗಿ ಇನ್ನೂ ಒಂದು ವಾರವಾಗಿರಲಿಲ್ಲ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಶಿಶುವಿಹಾರದ ಟೀಚರಾಗಿದ್ದೆ. ತೋಟದ ಕೆಲಸದವರ ಮಕ್ಕಳು, ಮೂರರಿಂದ ಐದು ವರ್ಷದೊಳಗಿನವು, ಒಟ್ಟು ಹದಿನಾಲ್ಕು. ತಾಯಂದಿರು ಬೆಳಿಗ್ಗೆ ಹಾಜರಿಗೆ ಹೋಗುವಾಗ ಬಿಟ್ಟುಹೋದರೆ, ಸಂಜೆ ಕುಯ್ದ ಹಣ್ಣು ತೂಗಿಸಿ ಬಂದು ಕರೆದುಕೊಂಡು ಹೋಗುತ್ತಿದ್ದರು.

ಆ ಮಳೆಗಾಲದಲ್ಲಿ ನಾನು ಚಿಕ್ಕಮಗಳೂರಿಗೆ ಹೋಗಿ ಮೂರು ದಿನದ ಒಂದು ತರಬೇತಿ ಮುಗಿಸಿ ಬಂದಿದ್ದೆ. ಮಕ್ಕಳಿಗೆ ಅಕ್ಷರಕ್ಕೆ ಮೊದಲು ಮೈಯ ಹಿಡಿತ ಕಲಿಸಬೇಕು, ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ದಾಟಿಸುವುದನ್ನು ಆಟದಲ್ಲೇ ಕಲಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಆನೆಯ ಹಾಗೆ ಅತ್ತಿತ್ತ ತೂಗುವುದು, ಬೆಕ್ಕಿನ ಹಾಗೆ ಮೆಲ್ಲನೆ ಹೆಜ್ಜೆ ಇಡುವುದು, ಬೆಳ್ಳಕ್ಕಿಯ ಹಾಗೆ ಒಂಟಿ ಕಾಲಲ್ಲಿ ನಿಲ್ಲುವುದು. ನನಗೋ ಹೊಸ ಹುರುಪು. ದಿನಾ ಬೆಳಿಗ್ಗೆ ಇದೇ ಆಟ. ಐದು ವರ್ಷದ ನಯನ ಎಲ್ಲರಿಗಿಂತ ಜಾಣೆ. ಬೆಳ್ಳಕ್ಕಿಯಾಗಿ ನಿಂತರೆ ಉಳಿದ ಮಕ್ಕಳೆಲ್ಲ ಸೇರಿ ಮೂವತ್ತು ಎಣಿಸುವ ತನಕ ಅಲುಗುತ್ತಿರಲಿಲ್ಲ. ಅವಳನ್ನು ನೋಡಿ ನಾನೇ ಬೀಗುತ್ತಿದ್ದೆ.

ಒಂದು ಸೋಮವಾರ ನಯನ ಬರಲಿಲ್ಲ. ಬಿದ್ದು ಕಾಲು ಮುರಿದುಕೊಂಡಿದ್ದಾಳಂತೆ ಎಂದು ಪಕ್ಕದ ಮನೆಯ ಮಗು ಹೇಳಿತು. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ, ಆಯಾಗೆ ಹೇಳಿ, ಕೆಲಸದವರ ಸಾಲುಮನೆಗಳಲ್ಲಿದ್ದ ಅವರ ಲೈನ್ ಮನೆಗೆ ಓಡಿದೆ. ಎಡಗಾಲಿಗೆ ಬ್ಯಾಂಡೇಜು ಹಾಕಿಸಿಕೊಂಡು ಮಗು ಚಾಪೆಯ ಮೇಲೆ ಮಲಗಿತ್ತು. ತಾಯಿ ಗಿರಿಜಾ ಪಕ್ಕದಲ್ಲಿ ಕೂತಿದ್ದಳು.

"ಹೆಂಗಾಯ್ತು ಗಿರಿಜಾ?"

"ನೀವು ಕಲ್ಸಿದ್ದೇ ಟೀಚರೇ. ಕಟ್ಟೆ ಮೇಲೆ ಒಂಟಿ ಕಾಲಲ್ಲಿ ನಿಂತು 'ಅಮ್ಮ, ನೋಡು' ಅಂದ್ಲು. ನಾನು ತಿರುಗಿ ನೋಡೋದ್ರೊಳಗೆ ಕೆಳಗಿದ್ಲು."

ಅಷ್ಟೇ ಅಂದಿದ್ದು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅಲ್ಲಿಂದಾಚೆ ಗಿರಿಜಾ ನನ್ನ ಜೊತೆ ಅಗತ್ಯಕ್ಕೆ ತಕ್ಕಷ್ಟು ಬಿಟ್ಟರೆ ಇನ್ನೊಂದು ಮಾತಾಡಲಿಲ್ಲ. ನಾನು ಆಟ ನಿಲ್ಲಿಸಿಬಿಟ್ಟೆ. ಮಕ್ಕಳನ್ನು ಸಾಲಾಗಿ ಕೂರಿಸಿ ಸ್ಲೇಟು ಕೊಟ್ಟೆ. ನಿಲ್ಲುವುದನ್ನು ಕಲಿಸಿದೆ, ವಾಲಿದಾಗ ಇಳಿಯುವುದು ಹೇಗೆ ಅನ್ನುವುದನ್ನು ಕಲಿಸಲೇ ಇಲ್ಲವಲ್ಲ ಎಂದು ಎಷ್ಟೋ ದಿನ ಊಟ ಸೇರಲಿಲ್ಲ.

ಹೊಸ ವರ್ಷ ಕಳೆದ ಮೇಲೆ ಬ್ಯಾಂಡೇಜು ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಡೆಸಿ ಎಂದರಂತೆ ಡಾಕ್ಟರು. ಆದರೆ ನಯನ ಆ ಕಾಲನ್ನು ನೆಲಕ್ಕೆ ಊರಲೊಲ್ಲಳು. ಎತ್ತಿ ನಿಲ್ಲಿಸಿದರೆ ಎಡ ಮಂಡಿ ಮಡಚಿ ಜೋತುಬೀಳುತ್ತಿದ್ದಳು. ಕೂತೇ ತೆವಳುತ್ತಿದ್ದಳು. ಗಿರಿಜಾ ಅವಳನ್ನು ಸೊಂಟದ ಮೇಲೆ ಹೊತ್ತು ತರುವುದು, ಸಂಜೆ ಹೊತ್ತುಕೊಂಡು ಹೋಗುವುದು. ಒಂದು ವಾರ ಹೀಗೇ ಆದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದಳು:

"ಜೂನಲ್ಲಿ ಒಂದನೇ ಕ್ಲಾಸು. ಸ್ಕೂಲಿಗೆ ಗುಡ್ಡ ಹತ್ತಿ ಇಳೀಬೇಕು. ಇವಳನ್ನ ಹೊತ್ಕೊಂಡು ಅಷ್ಟು ದೂರ ಬಿಟ್ಟು, ನಾನು ಹಾಜರಿಗೆ ಬರೋದು ಯಾವಾಗ? ಸ್ಕೂಲೇ ಬೇಡ ಅಂತಾರೆ ಮನೇಲಿ."

ನಾನು ಪಡದ ಪಾಡಿಲ್ಲ. ಆನೆಯಾಗಿ ತೂಗಿದೆ, ಬೆಕ್ಕಾಗಿ ನಡೆದೆ, ಚಾಕಲೇಟು ತೋರಿಸಿದೆ. "ಕಾಲು ಎತ್ತಿ ಇಡು ಪುಟ್ಟಿ, ಒಂದೇ ಒಂದು ಹೆಜ್ಜೆ" ಎಂದರೆ, ಮಗು ನನ್ನ ಮುಖ ನೋಡಿ ನಿಧಾನವಾಗಿ ಹೇಳುತ್ತಿತ್ತು: "ಅದು ಮತ್ತೆ ಮುರಿಯುತ್ತೆ ಟೀಚರೇ."

ನಮ್ಮ ಶಿಶುವಿಹಾರದ ಎದುರಿಗೇ ಕಾಫಿ ಒಣಗಿಸುವ ಸಿಮೆಂಟಿನ ಕಣ. ಕಣ ನೋಡಿಕೊಳ್ಳುತ್ತಿದ್ದವಳು ಲಕ್ಕಮ್ಮ, ಅರವತ್ತರ ಮುದುಕಿ. ಕಾಫಿ ಒಂದೇ ಸಮನೆ ಒಣಗಬೇಕಾದರೆ ದಿನಕ್ಕೆ ನಾಲ್ಕಾರು ಸಲ ತಿರುವಿ ಹಾಕಬೇಕು. ಲಕ್ಕಮ್ಮ ಅದನ್ನು ಕಾಲಲ್ಲೇ ತಿರುವುವಳು. ಕೈ ಹಿಂದಕ್ಕೆ ಕಟ್ಟಿಕೊಂಡು, ಬರಿಗಾಲನ್ನು ಕಾಫಿಯೊಳಗೆ ಹುದುಗಿಸಿ, ಎತ್ತದೆ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಹೋದರೆ, ಹಿಂದೆ ನೇಗಿಲ ಸಾಲಿನ ಹಾಗೆ ಎರಡು ಗೆರೆ ಬೀಳುತ್ತಿದ್ದವು. ನಯನ ಹೊಸ್ತಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

ಒಂದು ದಿನ ಲಕ್ಕಮ್ಮ ಎಲೆ ಅಡಿಕೆ ಉಗಿದು ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಎಂತ ಟೀಚರೇ, ದಿನಾ ಆ ಮಗೀಗೆ ಕಾಲೆತ್ತು ಕಾಲೆತ್ತು ಅಂತೀರಿ. ಎತ್ತಾಕೇ ಅದಕ್ಕೆ ಹೆದ್ರಿಕೆ. ಎತ್ತದಂಗೆ ನಡ್ಸಿ ನೋಡಿ."

"ಎತ್ತದೆ ನಡೆಯೋದು ಹೆಂಗೆ ಲಕ್ಕಮ್ಮ?"

"ಮತ್ತೆ ನಾನು ಎಂತ ಮಾಡ್ತಿದೀನಿ? ಮೂವತ್ತು ವರ್ಷದಿಂದ ಈ ಕಣದಲ್ಲಿ ಒಂದಿನ ಕಾಲೆತ್ತಿದೋಳಲ್ಲ ನಾನು! ಒಂದು ಕಾಲು ಜಾರೋವಾಗ ಇನ್ನೊಂದು ತಂತಾನೇ ಭಾರ ಹೊತ್ಕತದೆ. ಅದಕ್ಕೆ ಯಾರೂ ಹೇಳ್ಕೊಡೋದು ಬೇಡ."

ಮೂರು ದಿನದ ತರಬೇತಿಯಲ್ಲಿ ನಾನು ಬರೆದುಕೊಂಡು ಬಂದದ್ದನ್ನು ಈಕೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಆ ಗಳಿಗೆಯಲ್ಲೇ ನಯನಳನ್ನು ಎತ್ತಿಕೊಂಡು, ಹಣ್ಣಿನ ತಿರುಳು ತೆಗೆದು ತೊಳೆದ ಬೀಜ ಒಣಗುತ್ತಿದ್ದ ಕಣಕ್ಕೆ ಇಳಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಿಬಂದರು.

"ಟೀಚರೇ, ಟೀಚರೇ, ಅದು ಪಾರ್ಚ್‌ಮೆಂಟು! ಮಕ್ಕಳು ತುಳಿದು ಸಿಪ್ಪೆ ಒಡೆದ್ರೆ ಸಾಹುಕಾರ್ರು ಕಾಫಿ ಬದ್ಲು ನನ್ನನ್ನ ಒಣಗಿಸ್ತಾರೆ ಮಾರಾಯ್ತಿ!"

"ಮಗು ನಡೀಬೇಕು ರೈಟ್ರೇ."

ಅವರು ನಯನಳ ಸೊರಗಿದ ಕಾಲು ನೋಡಿದರು. ಕಣದ ಆಚೆ ಮೂಲೆಗೆ ಕೈ ತೋರಿಸಿ, "ಆ ಕೊನೇಲಿ ಚೆರಿ ಹರಡಿದೆ. ಇಡೀ ಹಣ್ಣೇ ಒಣಗೋದು, ಎಷ್ಟು ತುಳಿದ್ರೂ ಏನಾಗಲ್ಲ. ಅಲ್ಲಿ ಬೇಕಾದ್ರೆ ಕುಣಿಸಿ" ಎಂದು ಹೋದರು.

ಚೆರಿ ಕಣದಲ್ಲಿ ಲಕ್ಕಮ್ಮ ಮಗುವಿನ ಎರಡೂ ಕೈ ಹಿಡಿದು ಎದುರಿಗೆ ನಿಂತಳು. ಬಿಸಿಲಿಗೆ ಕಾದ ಕಾಫಿಯೊಳಗೆ ಪಾದ ಇಳಿದದ್ದೇ ನಯನ, "ಬಿಸಿ ಬಿಸಿ!" ಎಂದು ಕಿಲಕಿಲ ನಕ್ಕಳು. ಲಕ್ಕಮ್ಮ ಹಿಂದಕ್ಕೆ ಹಿಂದಕ್ಕೆ ಸರಿದಳು, ಮಗು ಪಾದ ಎಳೆಯುತ್ತಾ ಅವಳ ಕಡೆ ಸರಿಯಿತು. ನಾನು ಹಿಂದೆ ನಿಂತು ಗೆರೆ ನೋಡಿದೆ. ಬಲಗಾಲಿನ ಗೆರೆ ಸಿಮೆಂಟು ಕಾಣುವಷ್ಟು ಆಳ. ಎಡಗಾಲಿನದು ಬೆರಳಲ್ಲಿ ಗೀಚಿದ ಹಾಗೆ, ಇದ್ದೂ ಇಲ್ಲದ ಹಾಗೆ. ಮಗುವಿನ ಮೈಭಾರ ಎಲ್ಲಿದೆ ಎನ್ನುವುದು ಕಾಫಿಯ ಮೇಲೆ ಬರೆದಿಟ್ಟಂತೆ ಕಾಣುತ್ತಿತ್ತು.

ಮರುದಿನದಿಂದ ಹದಿನಾಲ್ಕೂ ಮಕ್ಕಳು ಕಣಕ್ಕೆ ಇಳಿದವು. ಗೆರೆ ಎಳೆಯುವುದೇ ಆಟ. ಯಾರೂ ನಯನಳ ಕಾಲಿನ ಮಾತೆತ್ತಬಾರದು ಎಂದು ಲಕ್ಕಮ್ಮನ ಕಟ್ಟಪ್ಪಣೆ. ಎರಡನೆಯ ದಿನ ಎಡಗೆರೆ ಸ್ವಲ್ಪ ಅಗಲವಾಯಿತು. ನಾಲ್ಕನೆಯ ದಿನ ಲಕ್ಕಮ್ಮ ಒಂದು ಕೈ ಬಿಟ್ಟಳು. ಎಂಟನೆಯ ದಿನ ಎರಡೂ ಕೈ ಬಿಟ್ಟು, ತನ್ನ ಸೆರಗಿನ ತುದಿಯನ್ನು ಮಗುವಿನ ಮುಷ್ಟಿಗೆ ಕೊಟ್ಟಳು. ಸೆರಗು ಯಾರ ಭಾರ ಹೊರುತ್ತದೆ ಹೇಳಿ? ಆದರೆ ಹಿಡಿದುಕೊಳ್ಳಲು ಏನೋ ಇದೆ ಎಂದು ಮಗು ನಂಬಿತು, ನಡೆಯಿತು.

ಆವತ್ತು ಸಂಜೆ ನಾಲ್ಕೂವರೆಯ ಹೊತ್ತು. ಹಣ್ಣು ತೂಗಿಸಿ ಮುಗಿಸಿದ ಗಿರಿಜಾ ಬಂದವಳು ಕಣದಂಚಿನಲ್ಲೇ ನಿಂತುಬಿಟ್ಟಳು. ನಯನ ಸೆರಗು ಹಿಡಿದು ಆ ತುದಿಯವರೆಗೂ ಹೋಗಿದ್ದಳು. ಈಗ ತಿರುಗಬೇಕು. ತಿರುಗಬೇಕಾದರೆ ಎಡಗಾಲಿನ ಮೇಲೆ ಪೂರ್ತಿ ಭಾರ ಬೀಳಬೇಕು. ಮಗು ಅರ್ಧ ತಿರುಗಿತು, ವಾಲಿತು, ಸೆರಗು ಕೈಯಿಂದ ಜಾರಿತು. ಗಿರಿಜಾ, ನಾನು, ಇಬ್ಬರೂ ಹಾರಿದೆವು.

"ಮುಟ್ಬ್ಯಾಡಿ!" ಲಕ್ಕಮ್ಮ ಗುಡುಗಿದಳು.

ನಯನ ಮಂಡಿ ಮಡಚಿ ಧೊಪ್ಪೆಂದು ಕಾಫಿಯಲ್ಲಿ ಕೂತಳು. ಮಗು ಒಂದು ಗಳಿಗೆ ನಮ್ಮನ್ನು ನೋಡಿತು. ಆಮೇಲೆ ಎರಡೂ ಅಂಗೈ ಊರಿ, ಎರಡೂ ಪಾದ ಊರಿ, ಎದ್ದು ನಿಂತಿತು. ಲಂಗಕ್ಕೆ ಅಂಟಿದ್ದ ಕಾಫಿ ಕೊಡವಿಕೊಂಡು, "ಅಮ್ಮ, ಬಿದ್ರೆ ನೋಯಲ್ಲ" ಅಂದಿತು. ಹಿಡಿಯಲು ಏನೂ ಇಲ್ಲದೆ ನಮ್ಮ ಕಡೆ ಕಾಲೆಳೆಯುತ್ತಾ ಬಂತು.

ಗಿರಿಜಾ ಅಳಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮಗಳು ಎಳೆದ ಎಡಗೆರೆಯೊಳಗೆ ಬೆರಳಿಟ್ಟು ಆಳ ನೋಡಿದಳು. ಆಮೇಲೆ ಬಲಗೆರೆಯಲ್ಲಿ. ಮತ್ತೆ ಎಡಗೆರೆಯಲ್ಲಿ. ಎದ್ದು ನನ್ನ ಮುಖ ನೋಡಿ, "ನಾಳೆಯಿಂದ ಹೊತ್ಕೊಂಡು ಬರಲ್ಲ ಟೀಚರೇ. ನಡ್ಸಿಕೊಂಡೇ ಬರ್ತೀನಿ" ಅಂದಳು. ಎರಡು ತಿಂಗಳಾದ ಮೇಲೆ ಆ ಮುಖದಲ್ಲಿ ನನ್ನ ಪಾಲಿಗೂ ಒಂದು ನಗು ಇತ್ತು.

ಆ ಎರಡು ಗೆರೆಗಳನ್ನು ಒಂದು ದಿನವಾದರೂ ಹಾಗೇ ಬಿಡಬೇಕು ಎಂದು ನನಗೆ ಆಸೆ. ಆದರೆ ಕಾಫಿ ನಮ್ಮ ಆಸೆ ಕೇಳುತ್ತದೆಯೇ? ಇಬ್ಬನಿ ಬೀಳುವ ಮೊದಲು ಗುಡ್ಡೆ ಹಾಕಿ ಮುಚ್ಚಲೇಬೇಕು. ಲಕ್ಕಮ್ಮ ಕಾಫಿಯನ್ನು ಗುಡ್ಡೆಗೆ ಎಳೆಯತೊಡಗಿದಳು, ನಾನೂ ಕೈಜೋಡಿಸಿದೆ.

ಲಕ್ಕಮ್ಮ ಈಗಿಲ್ಲ. ನಾನೂ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಕಳೆದ ತಿಂಗಳು ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯುವಾಗ, ಕಾಲೇಜಿನ ಬ್ಯಾಗು ಹಾಕಿಕೊಂಡ ಉದ್ದನೆಯ ಹುಡುಗಿಯೊಬ್ಬಳು "ಟೀಚರೇ, ನಾನು ನಯನ" ಎಂದು ಬಂದು ಕೈ ಹಿಡಿದಳು. ಕಣದ ಕತೆಯನ್ನೆಲ್ಲ ಹೇಳಿದೆ. ಅವಳಿಗೆ ಒಂದೂ ನೆನಪಿಲ್ಲ. ಬಗ್ಗಿ ತನ್ನ ಕಾಲುಗಳನ್ನೇ ನೋಡಿಕೊಂಡು ಕೇಳಿದಳು:

"ಹೌದಾ? ಯಾವ ಕಾಲು ಟೀಚರೇ?"

ಅಷ್ಟರಲ್ಲಿ ಬಸ್ಸು ಬಂತು. ಓಡಿ ಹತ್ತಿಕೊಂಡಳು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಅವಳಿಗೆ ಅದು ಗೊತ್ತಾಗುವುದೂ ಬೇಡ ಎನ್ನಿಸಿ, ಬಸ್ಸು ತಿರುವು ದಾಟುವ ತನಕ ನೋಡುತ್ತಾ ನಿಂತೆ.